ಉಂಗುರದ ಒಳಬದಿ

ಹಾಳೆಯ ಮೇಲೆ ಎರಡು ಅಂಕಿಗಳು ಅಕ್ಕಪಕ್ಕ ಕೂತಿದ್ದವು. ಎಡಗಡೆ ಅವಳದು, ಐದೂವರೆ. ಬಲಗಡೆ ಅದೇ ಚಿತ್ರ ಅಳೆದ ಸಹೋದ್ಯೋಗಿ ಅರೆಮಿಲ್ಲಿಯವರದು, ಒಂದೂವರೆ. ಬೆಳಗಿನ ಒಂಬತ್ತೂಕಾಲಿಗೆ, ಕೋಟಿನ ಗುಂಡಿ ಪೂರ್ತಿ ಹಾಕಿಕೊಳ್ಳುವ ಮೊದಲೇ, ತನ್ನ ಮೇಜಿನ ಮೇಲಿದ್ದ ಆ ಹಾಳೆಯನ್ನು ನಿಂತೇ ಓದಿದ ಅವಳಿಗೆ ಮೊದಲು ಬಂದದ್ದು ಸಿಟ್ಟು. ಈ ಮನುಷ್ಯನ ಕಣ್ಣಿಗೆ ಯಾವಾಗಲೂ ಕಡಿಮೆಯೇ ಕಾಣುತ್ತದೆ, ಜಗತ್ತೇ ಅರ್ಧ ಮಿಲ್ಲಿಮೀಟರು ಮೋಸ ಮಾಡಿದೆ ಅನ್ನುವ ಹಾಗೆ ಮುಖ ಮಾಡಿಕೊಂಡು ಓಡಾಡುತ್ತಾನೆ, ಸುಮ್ಮನೆ ಅಲ್ಲ ಈ ಅಡ್ಡಹೆಸರು ಬಂದಿದ್ದು. ಆದರೆ ಸಿಟ್ಟಿನ ಬೆನ್ನಿಗೇ ಕಣ್ಣು ಹಾಳೆಯ ತಲೆಭಾಗಕ್ಕೆ ಹೋಯಿತು. ಹಾಳೆಯ ಮೇಲೆ ಹೆಸರಿರಲಿಲ್ಲ, ಬರೀ ಒಂದು ಸಂಖ್ಯೆಯಿತ್ತು. ಆದರೂ ಅದು ಯಾರ ಲಿವರ್ ಎಂದು ಅವಳಿಗೆ ಗೊತ್ತಿತ್ತು. ಮಂಗಳವಾರ ಮಧ್ಯಾಹ್ನ ಚಿತ್ರ ತೆರೆದ ಕ್ಷಣದಲ್ಲೇ ಗೊತ್ತಾಗಿತ್ತು. ಬೆನ್ನುಮೂಳೆ ಎಡಕ್ಕೆ ಬಾಗಿತ್ತು, ಬಚ್ಚಲಲ್ಲಿ ಜಾರಿ ಬಿದ್ದ ವರ್ಷದಿಂದ ಅದು ಹಾಗೇ. ಪಿತ್ತಕೋಶ ತೆಗೆದ ಜಾಗದಲ್ಲಿ ನಾಲ್ಕು ಸಣ್ಣ ಕ್ಲಿಪ್ಪುಗಳು ಹೊಳೆಯುತ್ತಿದ್ದವು. ಅವಳ ಅತ್ತೆ.

ಅದು ನೆಲಮಾಳಿಗೆಯ ಕೋಣೆ, ಕಿಟಕಿಯಿಲ್ಲ. ಪರದೆಗಳ ಮೇಲೆ ಬೆಳಕು ಬೀಳಬಾರದೆಂದು ದೀಪಗಳನ್ನು ಅರ್ಧವೇ ಹಚ್ಚಿರುತ್ತಾರೆ. ಮೂರನೇ ಮಹಡಿಯಲ್ಲಿ ಡಾಕ್ಟರಮ್ಮ ಸ್ವೆಟರ್ ಹೆಣೆಯುವ ಕಡ್ಡಿಯಂಥ ಸೂಜಿಯೊಂದನ್ನು ಚರ್ಮದ ಮೂಲಕ ಗಡ್ಡೆಯ ತನಕ ಇಳಿಸಿ, ಅದರ ತುದಿಯನ್ನು ಕಾಯಿಸಿ, ಗಡ್ಡೆಯನ್ನು ಇದ್ದಲ್ಲೇ ಸುಡುತ್ತಾರೆ. ಮರುದಿನ ಸ್ಕ್ಯಾನ್. ಸುಟ್ಟ ಭಾಗ ಪರದೆಯ ಮೇಲೆ ಕಪ್ಪಗೆ, ಸೂಜಿ ಹೋದ ದಿಕ್ಕಿನಲ್ಲಿ ಉದ್ದವಾಗಿ, ಮೊಟ್ಟೆಯ ಆಕಾರದಲ್ಲಿ ಕಾಣುತ್ತದೆ. ಆ ಮೊಟ್ಟೆಯ ಉದ್ದ, ಅಗಲ, ದಪ್ಪ ಅಳೆಯುವುದು ಈ ಕೋಣೆಯ ಕೆಲಸ. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಅಂಚು. ಹಳೆಯ ಗಡ್ಡೆಯ ಗೆರೆಯನ್ನು ದಾಟಿ ಸುತ್ತ ಎಷ್ಟು ಸುಟ್ಟಿದೆ, ಅದೂ ಎಲ್ಲಿ ಅತಿ ಕಡಿಮೆ ಸುಟ್ಟಿದೆಯೋ ಅಲ್ಲಿ. ಐದು ಮಿಲ್ಲಿಮೀಟರಿದ್ದರೆ ನಿಶ್ಚಿಂತೆ. ಎರಡಕ್ಕಿಂತ ಕೆಳಗಿಳಿದರೆ ಒಂದು ಚೂರು ಜೀವಂತ ಉಳಿದಿರಬಹುದು, ಉಳಿದದ್ದು ಬೆಳೆಯಬಹುದು. ಒಬ್ಬರ ಕಣ್ಣನ್ನು ನಂಬುವ ಹಾಗಿಲ್ಲ ಎಂದು ಇಬ್ಬರು ಬೇರೆಬೇರೆಯಾಗಿ, ಹೆಸರು ಮುಚ್ಚಿಟ್ಟು ಅಳೆಯುತ್ತಾರೆ. ಗುರುವಾರ ಎರಡೂ ಅಳತೆ ಒಂದೇ ಹಾಳೆಗೆ ಬರುತ್ತವೆ. ತಮ್ಮವರ ಚಿತ್ರ ಬಂದರೆ ಪಕ್ಕಕ್ಕೆ ಇಡಬೇಕೆನ್ನುವುದು ನಿಯಮ. ಬಾಗಿಲ ಪಕ್ಕದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಅಂಟಿಸಿದ್ದಾರೆ, ಅದರ ಕೆಳಗೇ ಅವಳು ದಿನಾ ಕೊಡೆ ನೇತುಹಾಕುವುದು.

ಯಾಕೆ ಪಕ್ಕಕ್ಕಿಡಲಿಲ್ಲ? ಕೂತು ಯೋಚಿಸಿದರೆ ಉತ್ತರ ಕೆಟ್ಟದಾಗಿಯೇನೂ ಇರಲಿಲ್ಲ. ತನ್ನಷ್ಟು ಜೋಪಾನವಾಗಿ ಇದನ್ನು ಬೇರೆ ಯಾರು ಅಳೆಯುತ್ತಾರೆ ಅಂದುಕೊಂಡಿದ್ದಳು, ಅಷ್ಟೇ. ಚಪ್ಪಲಿ ಬಿಟ್ಟು ದೇವರ ಕೋಣೆಗೆ ಹೋಗುವವರ ಹಾಗೆ ಮೈಯೆಲ್ಲ ಎಚ್ಚರವಾಗಿತ್ತು. ಮೌಸಿನ ಮೇಲೆ ಕೈಯಿಟ್ಟಾಗ ಅಂಗೈ ಬೆವರಿತ್ತು, ಒರೆಸಿಕೊಂಡು ಮತ್ತೆ ಇಟ್ಟಿದ್ದಳು. ಆವತ್ತು ಸಂಜೆ ಐದಕ್ಕೆ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಅತ್ತೆಯ ವಾರ್ಡಿಗೆ ಓಡಿದ್ದಳು. "ಚೆನ್ನಾಗಿ ಸುಟ್ಟಿದೆ ಅತ್ತೆ. ಸುತ್ತಲೂ ಐದೂವರೆ ಮಿಲ್ಲಿ. ಇನ್ನೇನೂ ಚಿಂತೆ ಇಲ್ಲ." ದಿಂಬಿಗೊರಗಿದ್ದ ಅತ್ತೆ ಒಂದು ಗಳಿಗೆ ಅವಳ ಮುಖವನ್ನೇ ನೋಡಿ, "ನೀನೇ ಅಳೆದ್ಯಾ?" ಅಂದಿದ್ದರು. ಹೌದೆಂದಾಗ ಕಣ್ಣು ಮುಚ್ಚಿಕೊಂಡು, "ಹಂಗಾದ್ರೆ ಸರಿ. ನಮ್ಮ ಅಳತೆಯಮ್ಮ ಹೇಳಿದ್ಮೇಲೆ ಮುಗೀತು" ಅಂದುಬಿಟ್ಟಿದ್ದರು. ಬುಧವಾರ ಮನೆಗೆ ಬಂದವರೇ ಸಂಜೆಯ ತನಕ ಫೋನು ಕಿವಿಯಿಂದ ಇಳಿಸಲಿಲ್ಲ. ತಂಗಿಗೆ, ನಾದಿನಿಗೆ, ಹಳೆಯ ಬೀದಿಯ ಗೆಳತಿಯರಿಗೆ. ಎಲ್ಲರಿಗೂ ಅದೇ ಮಾತು, ಐದೂವರೆಯಂತೆ, ಸೊಸೆಯೇ ಅಳೆದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಅದನ್ನು ಕೇಳಿ ಅವಳಿಗೆ ಬೀಗುವ ಹಾಗಾಗಿತ್ತು. ಈಗ ಆ ಒಂದೊಂದು ಫೋನೂ ನೆನಪಾಗಿ ಕಿವಿ ಬಿಸಿಯಾಯಿತು.

"ನೋಡಿದ್ರಾ?" ಎಂದಿತು ಹಿಂದಿನಿಂದ ಆ ಒಣ ಧ್ವನಿ. ಅರೆಮಿಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದರು. ಮುಂದಿನ ವರ್ಷ ನಿವೃತ್ತಿಯಾಗುವವರು, ಅಂಗಿಯ ಜೇಬಿನಲ್ಲಿ ಯಾವ ಕೆಲಸಕ್ಕೂ ಬಾರದ ಒಂದು ಸಣ್ಣ ಸ್ಟೀಲಿನ ಅಳತೆಪಟ್ಟಿ ಯಾವಾಗಲೂ ಇರುತ್ತದೆ. "ಡಾಕ್ಟರಮ್ಮನಿಗೆ ಇನ್ನೂ ಕಳಿಸಿಲ್ಲ. ಹತ್ತು ಗಂಟೆಗೆ ಕಳಿಸ್ಬೇಕು. ಅಷ್ಟರಲ್ಲಿ ಇಬ್ಬರೂ ಒಂದ್ಸಲ ಕೂತು ನೋಡ್ಬಹುದು ಅಂತ ನಿಯಮದಲ್ಲೇ ಇದೆ." ಅವಳು ಪರದೆ ಹಚ್ಚಿದಳು. ಬಾಯಿ ತೆರೆದಿದ್ದರೆ ಮೂರು ವರ್ಷದ ಹಿಂದಿನ ಮಾತು ಬಂದುಬಿಡುತ್ತಿತ್ತು.

ಆಗ ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಹೊಸಬರೆಲ್ಲ ಅವಳಿಗಿಂತ ಹದಿನೈದು ವರ್ಷ ಚಿಕ್ಕವರು. ಸೂಜಿ ಓರೆಯಾಗಿ ಹೋಗಿದ್ದ ಒಂದು ಚಿತ್ರವನ್ನು ಸೂಜಿಯ ಸಾಲಿಗೆ ತಿರುಗಿಸದೆ, ಇದ್ದ ಹಾಗೇ ಅಳೆದಿದ್ದಳು. ಓರೆಯಾಗಿ ಕೊಯ್ದ ಮೊಟ್ಟೆ ಗುಂಡಗೆ ಕಂಡಿತ್ತು. ಗುಂಡಗಿದೆ ಅಂತಲೇ ಬರೆದಿದ್ದಳು. ಅರೆಮಿಲ್ಲಿ ಎಲ್ಲರ ಎದುರಿಗೆ ಪರದೆಯನ್ನು ಅವಳ ಕಡೆ ತಿರುಗಿಸಿ, "ಮೇಡಂ, ನೀವು ಮೊಟ್ಟೆ ಅಳೀತಿದೀರೋ, ಮೊಟ್ಟೆಯ ನೆರಳು ಅಳೀತಿದೀರೋ?" ಎಂದು ಕೇಳಿದ್ದರು. ಇಡೀ ಕೋಣೆ ನಕ್ಕಿತ್ತು. ಅವಳೂ ನಕ್ಕಿದ್ದಳು, ಅದೇ ಹೆಚ್ಚು ನೋಯಿಸಿದ್ದು. ಮನೆಗೆ ಬಂದು ತರಕಾರಿ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತು ಅತ್ತಿದ್ದಳು, ನಲವತ್ತರ ಹೆಂಗಸು, ಚಪ್ಪಲಿಯನ್ನೂ ಬಿಚ್ಚದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಎದ್ದು ಹೋಗಿ ಹೆಣಿಗೆಯ ಚೀಲದಿಂದ ಒಂದು ಕಡ್ಡಿ ತಂದರು, ಬುಟ್ಟಿಯಿಂದ ಉದ್ದನೆಯ ನಾಲ್ಕು ಆಲೂಗಡ್ಡೆ ಆರಿಸಿದರು. ಉದ್ದಕ್ಕೆ ಕಡ್ಡಿ ಚುಚ್ಚಿ, "ಕೊಯ್ಯಿ, ಅಡ್ಡಡ್ಡ. ಈಗ ಓರೆಯಾಗಿ. ಈಗ ಕಡ್ಡಿ ಜೊತೆಗೇ ಉದ್ದಕ್ಕೆ" ಅಂದರು. ಒಂದೇ ಗೆಡ್ಡೆ, ಒಂದು ಕಡೆಯಿಂದ ಗುಂಡಗೆ, ಇನ್ನೊಂದು ಕಡೆಯಿಂದ ಉದ್ದ. ನಾಲ್ಕನೆಯದನ್ನು ಕೊಯ್ಯುವ ಹೊತ್ತಿಗೆ ಅವಳ ಅಳು ನಿಂತಿತ್ತು. "ಆ ಮೊಟ್ಟೆಯವನು ಹೇಳಿದ್ದು ಸರಿ ಕಣೇ," ಅಂದರು ಅತ್ತೆ, ಹೋಳುಗಳನ್ನು ಪಾತ್ರೆಗೆ ಹಾಕುತ್ತಾ. "ಹೇಳಿದ ರೀತಿ ಸರಿಯಿಲ್ಲ. ಎರಡನ್ನೂ ಬೇರೆಬೇರೆ ಇಟ್ಕೋ. ಸರಿಯಾದದ್ದನ್ನ ತಗೋ, ಇನ್ನೊಂದನ್ನ ಅವನ ಹತ್ರಾನೇ ಬಿಡು." ಅವಳು ಸರಿಯಾದದ್ದನ್ನು ತೆಗೆದುಕೊಂಡಿದ್ದಳು. ಇನ್ನೊಂದನ್ನು ಬಿಡಲು ಆಗಿರಲಿಲ್ಲ. ಮೂರು ವರ್ಷದಿಂದ ಆ ಮನುಷ್ಯ ಊಟ ಮಾಡುವ ಮೇಜಿನಲ್ಲಿ ಅವಳು ಡಬ್ಬಿ ಬಿಚ್ಚಿದ್ದಿಲ್ಲ.

ಕುರ್ಚಿ ಎಳೆದುಕೊಂಡು ಅರೆಮಿಲ್ಲಿ ಪಕ್ಕದಲ್ಲಿ ಕೂತರು. ಚಿತ್ರ ತೆರೆದುಕೊಂಡಿತು. ಅತ್ತೆಯ ಒಳಗನ್ನು ಒಬ್ಬ ಪರಗಂಡಸಿನ ಜೊತೆ ಕೂತು ನೋಡುತ್ತಿದ್ದೇನೆ ಅನ್ನಿಸಿ ಅವಳಿಗೆ ಇಲ್ಲದ ಸಂಕೋಚವಾಯಿತು. ಸೆರಗು ಸರಿಯಾಗಿಲ್ಲದೆ ಯಾರಿಗೂ ಬಾಗಿಲು ತೆಗೆಯದ ಹೆಂಗಸು ಅವರು. ಕಪ್ಪು ಮೊಟ್ಟೆ, ಅದರ ಸುತ್ತ ತೆಳ್ಳನೆಯ ಬಿಳಿ ಉಂಗುರ. ಶಾಖ ತಗುಲಿ ಕೆರಳಿದ, ಆದರೆ ಸಾಯದ ಮಾಂಸ ಹಾಗೆ ಬೆಳ್ಳಗೆ ಕಾಣುತ್ತದೆ. ಕೆಲವು ವಾರ ಇದ್ದು ಮಾಯವಾಗುತ್ತದೆ. ಅದು ಸುಟ್ಟದ್ದರ ಲೆಕ್ಕಕ್ಕಲ್ಲ. ಅಳತೆ ಉಂಗುರದ ಒಳಬದಿಗೆ ನಿಲ್ಲಬೇಕು. ಇದನ್ನು ಹೊಸಬರಿಗೆ ಮೊದಲ ದಿನ ಹೇಳಿಕೊಡುವವಳು ಅವಳೇ. "ಉಂಗುರ ಬದುಕಿದೆ, ಅದನ್ನ ಮುಟ್ಟಬೇಡಿ" ಎಂದು ಅವಳು ಹೇಳುವ ಧಾಟಿಯನ್ನು ಹುಡುಗಿಯರು ಅಣಕಿಸುತ್ತಾರೆ ಕೂಡ. ಪರದೆಯ ಮೇಲೆ ಅವಳು ಮಂಗಳವಾರ ಎಳೆದ ಹಳದಿ ಗೆರೆ ಇನ್ನೂ ಇತ್ತು. ಅದು ಉಂಗುರದ ಹೊರಬದಿಗೆ ನಿಂತಿತ್ತು.

ಒಂದು ಕಡೆಯಷ್ಟೇ ಅಲ್ಲ. ಕೆಳಗಡೆ, ದೊಡ್ಡ ರಕ್ತನಾಳ ಹಾದುಹೋಗುವಲ್ಲಿ, ಮೊಟ್ಟೆ ಒಳಕ್ಕೆ ನೆಗ್ಗಿತ್ತು. ಹರಿಯುವ ನಲ್ಲಿಯ ಕೆಳಗಿಟ್ಟ ಪಾತ್ರೆ ಕಾಯದ ಹಾಗೆ, ಹರಿಯುವ ರಕ್ತ ಶಾಖವನ್ನು ತನ್ನ ಜೊತೆ ಒಯ್ಯುತ್ತದೆ, ಪಕ್ಕದ ಮಾಂಸ ಸುಡದೆ ಉಳಿಯುತ್ತದೆ. ಅಲ್ಲೇ ನೋಡಬೇಕು ಎಂದು ಯಾರಿಗೆ ಗೊತ್ತಿಲ್ಲ? ಅವಳ ಗೆರೆ ಆ ನೆಗ್ಗನ್ನು ನೋಡಿಯೂ ನೋಡದ ಹಾಗೆ, ಕಂಬಳಿಯ ಸುಕ್ಕಿನ ಮೇಲೆ ಕೈಯಾಡಿಸಿದ ಹಾಗೆ, ಮೇಲಿಂದಲೇ ಸಲೀಸಾಗಿ ದಾಟಿಹೋಗಿತ್ತು. ಇದು ತನ್ನ ಕೈ. ಮಂಗಳವಾರ ಈ ಕೈ ಅಳೆದಿರಲಿಲ್ಲ, ಬೇಡಿಕೊಂಡಿತ್ತು.

ಆಗಲೂ ಅವಳ ಬಾಯಿಂದ ಬಂದದ್ದು ಬೇರೆಯೇ ಮಾತು. "ಸರ್, ನೀವೂ ಸ್ವಲ್ಪ ಬಿಗಿಯಾಗೇ ಹಿಡಿದಿದೀರಿ. ಮಧ್ಯಕ್ಕೆ ಮೂರೂವರೆ ಅಂತ..."

"ಸೊಪ್ಪಿನ ಚೌಕಾಸಿನಾ ಮೇಡಂ ಇದು?" ಅರೆಮಿಲ್ಲಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಪಕ್ಕದ ಮೇಜಿನ ಹುಡುಗಿ ತಲೆಯೆತ್ತಿದ್ದು ಅವಳಿಗೆ ಗೊತ್ತಾಯಿತು. ಮುಖಕ್ಕೆ ರಕ್ತ ನುಗ್ಗಿತು. ಮತ್ತೆ ಅದೇ, ಮತ್ತೆ ಎಲ್ಲರೆದುರು. ಆದರೆ ಈ ಸಲ ಮುಂದಿನ ಮಾತಿಗೆ ಅವರು ಧ್ವನಿ ತಗ್ಗಿಸಿದರು, ಹುಡುಗಿಗೆ ಕೇಳಿಸುವಷ್ಟು ಇರಲಿಲ್ಲ ಅದು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸುತ್ತಾ, "ಮೂರು ವರ್ಷದಿಂದ ನಿಮ್ಮ ಗೆರೆ ಪಕ್ಕ ನನ್ನ ಗೆರೆ ಬೀಳ್ತಾ ಇದೆ," ಅಂದರು. "ನಿಮ್ಮ ಕೈ ನನಗೆ ಗೊತ್ತು. ನನಗಿಂತ ಒಂದು ಕೂದಲು ಬಿಗಿ. ಎಷ್ಟೋ ಸಲ ನಾನೇ ನಿಮ್ಮದು ನೋಡಿ ಮತ್ತೆ ಅಳೆದಿದೀನಿ. ಇದು ನಿಮ್ಮ ಕೈ ಅಲ್ಲ. ಅದಕ್ಕೇ ಯಾರದು ಅಂತ ಯೋಚನೆ ಮಾಡಿದೆ. ಸೋಮವಾರ ನಿಮ್ಮತ್ತೆಗೆ ಅಂತ ಡಬ್ಬಿಯಲ್ಲಿ ಗಂಜಿ ತಂದಿದ್ರಲ್ಲ, ಅದು ನೆನಪಾಯ್ತು." ಲೋಟದಲ್ಲಿ ಉಳಿದಿದ್ದನ್ನು ಕುಡಿದು ಮುಗಿಸಿದರು. "ನಾನು ನನ್ನ ಅಂಕಿ ಬದಲಾಯಿಸಲ್ಲ. ನಿಮ್ಮದು ನೀವು ನೋಡಿ." ಎದ್ದು, ಕುರ್ಚಿಯನ್ನು ಅದು ಇದ್ದ ಜಾಗಕ್ಕೇ ಇಟ್ಟು ಹೋದರು.

ಒಂದು ಕೂದಲು ಬಿಗಿ. ಮೂರು ವರ್ಷ ಅವಳು ಆ ಮನುಷ್ಯನ ಬೆನ್ನು ಕಂಡರೆ ಮುಖ ತಿರುಗಿಸಿದ್ದಳು, ಆತ ಅವಳ ಗೆರೆಗಳನ್ನು ಓದುತ್ತಿದ್ದ. ಮನೆಯಲ್ಲಿ ಗಂಡನಿಗೆ ಅವಳ ಅಕ್ಷರ ಯಾವುದು, ಮಗಳ ಅಕ್ಷರ ಯಾವುದು ಎಂದು ಗೊತ್ತಾಗುವುದಿಲ್ಲ. ಈ ಕೆಲಸ ಕಲಿಯಲು ಹೊರಟಾಗ ಗಂಡ ಕೆಟ್ಟದಾಗೇನೂ ಮಾತಾಡಿರಲಿಲ್ಲ, "ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು" ಎಂದಷ್ಟೇ ಅಂದು ಪೇಪರು ಮಡಚಿದ್ದ. ಆಗ ಮಗಳಿಗೆ ನಾಲ್ಕು ವರ್ಷ. ಅತ್ತೆ ಒಳಗಿನಿಂದಲೇ, "ಅವಳು ಹೋಗ್ಲಿ ಬಿಡೋ. ಮಗು ನೋಡ್ಕೊಳ್ಳೋಕೆ ನನಗೆ ಬರಲ್ವಾ? ನಿನ್ನ ನೋಡ್ಕೊಂಡಿದ್ದು ಯಾರು, ಪಕ್ಕದ ಮನೆಯವರಾ?" ಅಂದಿದ್ದರು. ಅಷ್ಟೇ. ಅದಾದ ಮೇಲೆ ಎರಡು ವರ್ಷ ಮಗುವಿನ ಜ್ವರ, ಶಾಲೆ, ಜಡೆ ಎಲ್ಲ ಅವರ ಕೈಯಲ್ಲೇ ನಡೆಯಿತು. ಅಂಥ ಅತ್ತೆಯ ಗಡ್ಡೆ ಸುಡುವ ದಿನ ಅವಳು ಎಲ್ಲಿದ್ದಳು? ಸೋಮವಾರ ಬೆಳಗ್ಗೆ ಆಸ್ಪತ್ರೆಗೆ ತಂದ ಗಂಜಿಯ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟು, ಕೆಲಸ ತುಂಬ ಇದೆ ಅತ್ತೆ ಎಂದು ಹೇಳಿ, ಈ ನೆಲಮಾಳಿಗೆಗೆ ಇಳಿದಿದ್ದಳು. ಕೆಲಸ ಇರಲಿಲ್ಲವೆಂದಲ್ಲ. ಆದರೆ ಸ್ಟ್ರೆಚರಿನ ಮೇಲಿಂದ ಅತ್ತೆ ತಲೆಯೆತ್ತಿ ಹಿಂದೆ ನೋಡಿದ್ದು ಅವಳಿಗೆ ಕಂಡಿತ್ತು. ಆ ನೋಟದಿಂದ ಓಡಿಬಂದು ಅಂಕಿಗಳ ನಡುವೆ ಬಚ್ಚಿಟ್ಟುಕೊಂಡಿದ್ದಳು. ಮಂಗಳವಾರದ ಐದೂವರೆ ಅಲ್ಲಿಂದಲೇ ಶುರುವಾಗಿತ್ತೇನೋ, ಜೊತೆಗೆ ಕೂರದೆ ಹೋದದ್ದಕ್ಕೆ ಒಯ್ದುಕೊಟ್ಟ ಸಮಾಧಾನ.

ಅವಳು ಚಿತ್ರವನ್ನು ಸೂಜಿಯ ಸಾಲಿಗೆ ತಿರುಗಿಸಿದಳು. ಕೈ ಒರೆಸಿಕೊಂಡಳು. ಉಂಗುರದ ಒಳಬದಿಯಲ್ಲೇ, ಒಂದೊಂದು ಪದರವಾಗಿ, ನೆಗ್ಗಿನೊಳಕ್ಕೂ ಇಳಿದು ಗೆರೆ ಎಳೆದಳು. ಇದು ಯಾರದೂ ಅಲ್ಲ ಎಂದು ಅಂದುಕೊಳ್ಳಲು ಹೋಗಲಿಲ್ಲ. ಇದು ಅತ್ತೆಯದು, ಅದಕ್ಕೇ ಇಷ್ಟು ಬಿಗಿ, ಅಂದುಕೊಂಡಳು. ಒಂದು. ಒಂದೂವರೆಯೂ ಅಲ್ಲ, ಒಂದು. ಹಾಳೆಯ ಮೇಲೆ ಹಳೆಯ ಅಂಕಿಯನ್ನು ಅಳಿಸುವಂತಿಲ್ಲ, ಒಂದೇ ಗೆರೆ ಹೊಡೆದು, ಓದಲು ಬರುವ ಹಾಗೇ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಬರೆದು ಸಹಿ ಹಾಕಬೇಕು. ಹಾಗೇ ಮಾಡಿದಳು. ಕಾರಣ ಎನ್ನುವ ಜಾಗದಲ್ಲಿ "ಉಂಗುರ ಸೇರಿಸಿ ಅಳೆದಿದ್ದೆ. ನನ್ನ ಅತ್ತೆ. ಚಿತ್ರ ಪಕ್ಕಕ್ಕಿಡಬೇಕಿತ್ತು, ಇಡಲಿಲ್ಲ" ಎಂದು ಬರೆದಳು. ಆ ಮೂರು ಮಾತು ಬರೆಯಲು ಇಡೀ ಚಿತ್ರ ಅಳೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಡಾಕ್ಟರಮ್ಮ ಬೈದರು. ಕೂಗಾಡಲಿಲ್ಲ, ನಿಯಮದ ಪುಟ ತೆಗೆಸಿ ಅವಳಿಂದಲೇ ಗಟ್ಟಿಯಾಗಿ ಓದಿಸಿದರು, ಅದು ಕೂಗಾಟಕ್ಕಿಂತ ಕಷ್ಟವಾಗಿತ್ತು. ಓದಿ ಮುಗಿಸಿದ ಮೇಲೆ ಚಿತ್ರದ ಮೇಲೆ ಬೆರಳಿಟ್ಟು, "ಇಲ್ಲಿ ನೋಡಿ, ನಾಳದ ಪಕ್ಕ ಚೂರು ಉಳಿದಿರೋ ಹಾಗಿದೆ. ಮೂರು ತಿಂಗಳ ಸ್ಕ್ಯಾನಿನ ತನಕ ಬಿಟ್ಟಿದ್ರೆ ನಾಳಕ್ಕೇ ಅಂಟ್ಕೊಳ್ತಿತ್ತು, ಆಮೇಲೆ ನನ್ನ ಸೂಜಿ ಅಲ್ಲಿಗೆ ಹೋಗೋ ಹಾಗಿರ್ಲಿಲ್ಲ. ಈಗ ಆಗುತ್ತೆ. ಬರೋ ಸೋಮವಾರ ಕರ್ಕೊಂಡು ಬನ್ನಿ. ಅವರಿಗೆ ನಾನು ಹೇಳ್ಲಾ, ನೀವು ಹೇಳ್ತೀರಾ?" ಎಂದರು. "ನಾನೇ ಹೇಳ್ತೀನಿ ಡಾಕ್ಟ್ರೇ." ಮಧ್ಯಾಹ್ನ ಅವಳು ಡಬ್ಬಿ ತೆಗೆದುಕೊಂಡು ಅರೆಮಿಲ್ಲಿಯ ಮೇಜಿಗೆ ಹೋಗಿ ಎದುರು ಕೂತಳು. ಡಬ್ಬಿ ಬಿಚ್ಚಿದಳು. ಅವರು ಒಮ್ಮೆ ನೋಡಿ, ಉಪ್ಪಿನ ಡಬ್ಬಿಯನ್ನು ಅವಳ ಕಡೆಗೆ ತಳ್ಳಿದರು. "ನೀವು ಒಂದು ಅಂತ ಹಾಕಿದ್ರಿ," ಎಂದರು ತುತ್ತಿನ ನಡುವೆ. "ಹೋಗಿ ಮತ್ತೆ ನೋಡಿದೆ. ಒಂದೇ."

ಸಂಜೆ ಮನೆಯಲ್ಲಿ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಒಲೆಯ ಮೇಲಿದ್ದದ್ದಕ್ಕೆ ಉಪ್ಪು ಎಷ್ಟೆಂದು ಮೊಮ್ಮಗಳಿಗೆ ಆಜ್ಞೆ ಕೊಡುತ್ತಿದ್ದರು. ಹೊಟ್ಟೆಯ ಬಲಭಾಗದ ಪಟ್ಟಿ ಬಿಗಿದು ಒಂದು ಕಡೆಗೆ ವಾಲಿಕೊಂಡೇ ಕೂತಿದ್ದರು. ಮಗಳನ್ನು ಓದಲು ಕಳಿಸಿ, ಒಲೆ ಸಣ್ಣ ಮಾಡಿ, ಅವಳು ಬುಟ್ಟಿಯ ಪಕ್ಕ ನೆಲದ ಮೇಲೆ ಕೂತಳು. ಮೂರು ವರ್ಷದ ಹಿಂದೆ ಕೂತ ಜಾಗವೇ. "ಅತ್ತೆ, ನಾನು ಹೇಳಿದ ಅಳತೆ ತಪ್ಪು."

ಅವಳು ಬುಟ್ಟಿಯಿಂದ ಉದ್ದನೆಯ ಆಲೂಗಡ್ಡೆಯೊಂದನ್ನು ತೆಗೆದು, ಅತ್ತೆಯ ಹೆಣಿಗೆಯ ಕಡ್ಡಿಯಿಂದ ಚುಚ್ಚಿ ಸೂಜಿ ಹೋದ ದಾರಿ ತೋರಿಸಿದಳು. ಹೆಬ್ಬೆರಳಿನ ಉಗುರಿನಿಂದ ಒಂದು ಕಡೆ ಒತ್ತಿ ನೆಗ್ಗು ಮಾಡಿದಳು. "ಇಲ್ಲಿ ಸರಿಯಾಗಿ ಸುಟ್ಟಿಲ್ಲ. ಚೂರು ಉಳಿದಿರಬಹುದು. ಸೋಮವಾರ ಮತ್ತೊಂದ್ಸಲ ಸುಡಬೇಕಂತೆ." ನೆಗ್ಗಿನ ಮೇಲೆ ಅತ್ತೆ ಬೆರಳಿಟ್ಟು ನೋಡಿದರು. ಬೆರಳು ಅಲ್ಲೇ ನಿಂತಿತು.

"ಹಂಗಾದ್ರೆ ಇನ್ನೂ ಒಳಗೇ ಇದೆ."

"ಇರಬಹುದು ಅತ್ತೆ. ಇಷ್ಟೇ ಇಷ್ಟು. ಅದು ನಿಮ್ಮದು ಅಂತ ನನಗೆ ನೋಡಿದ ತಕ್ಷಣ ಗೊತ್ತಾಗಿತ್ತು. ಚೆನ್ನಾಗಿರ್ಲಿ, ಚೆನ್ನಾಗಿರ್ಲಿ ಅಂತ ಅಂದ್ಕೊಂಡು ಕೈ ಆಚೆಗೆ ಹೋಗಿಬಿಡ್ತು."

"ಎಷ್ಟು ಆಚೆಗೆ?"

"ನಾಲ್ಕೂವರೆ ಮಿಲ್ಲಿ."

ಅತ್ತೆ ಹೆಬ್ಬೆರಳು ತೋರುಬೆರಳು ಹತ್ತಿರ ತಂದು, ಅವುಗಳ ನಡುವಿನ ಸಂದಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಇಷ್ಟಾ? ನನ್ನ ಮೇಲಿನ ಪ್ರೀತಿಗೆ ಇಷ್ಟೇನಾ? ಹತ್ತೊಂಬತ್ತು ವರ್ಷ ಮಾಡಿ ಹಾಕಿದ್ದಕ್ಕೆ ಒಂದು ಗೇಣಾದ್ರೂ ಬೇಡ್ವಾ?" ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ತಪ್ಪು ಹಿಡಿದದ್ದು ಯಾರು?" ಎಂದು ಕೇಳಿದರು ಅತ್ತೆ. "ಆ ಮೊಟ್ಟೆಯವನೇನಾ?"

"ಹೂಂ. ಅವರೇ."

"ಇನ್ನೂ ಅಲ್ಲೇ ಇದಾನಾ? ಒಳ್ಳೇದಾಯ್ತು." ಅಷ್ಟು ಹೇಳಿ ಫೋನು ತೆಗೆದುಕೊಂಡರು. ತಂಗಿಗೆ, "ಇಲ್ಲ ಕಣೇ, ಇನ್ನೊಂಚೂರು ಉಳಿದಿದೆಯಂತೆ, ಸೋಮವಾರ ಮತ್ತೆ. ನಮ್ಮ ಅಳತೆಯಮ್ಮ ಸರಿಯಾದ ಹೊತ್ತಿಗೆ ನೋಡಿದ್ಲು." ಅವಳು ನೆಲದಿಂದಲೇ, "ನಾನಲ್ಲ ಅತ್ತೆ, ಅವರು" ಎಂದಳು. ಅತ್ತೆ ಸೊಳ್ಳೆ ಓಡಿಸುವ ಹಾಗೆ ಕೈ ಬೀಸಿದರು. ನಾದಿನಿಗೂ ಅದನ್ನೇ ಹೇಳಿದರು, ಹಳೆಯ ಬೀದಿಯ ಗೆಳತಿಗೂ. ಪ್ರತಿಯೊಂದು ಸಲವೂ ಅವಳು ನಾನಲ್ಲ ಎಂದಳು, ಪ್ರತಿಯೊಂದು ಸಲವೂ ಆ ಕೈ ಬೀಸಿತು. ಮೂರನೆಯ ಫೋನು ಮುಗಿಯುವ ಹೊತ್ತಿಗೆ ಅವಳು ಸುಮ್ಮನಾದಳು. ಬೇಡವೆಂದರೂ ತಟ್ಟೆಗೆ ಬಡಿಸಿಬಿಡುವ ಹೆಂಗಸು, ಇದನ್ನೂ ಹಾಗೇ ಬಡಿಸುತ್ತಿದ್ದಾರೆ, ಸುಮ್ಮನೆ ತಿನ್ನುವುದೇ ಸರಿ.

ಫೋನು ಕೆಳಗಿಟ್ಟು ಅತ್ತೆ ಅವಳ ಕಡೆ ತಿರುಗಿದರು. ನಗು ಮುಖದಿಂದ ಇಳಿದಿತ್ತು. "ಸೋಮವಾರ ನೀನು ಕೆಳಗೆ ಹೋಗಿ ಕೂತ್ಕೋಬೇಡ," ಅಂದರು. "ಅಳೆಯೋಕೆ ಅವನಿದಾನೆ. ನೀನು ನನ್ನ ಹತ್ರ ಇರು. ಅವರು ಒಳಗೆ ಕರ್ಕೊಂಡು ಹೋಗೋ ತನಕ ಕೈ ಹಿಡ್ಕೊಂಡಿರು."

"ಇರ್ತೀನಿ."

"ಆ ಗೆಡ್ಡೇನ ಬಿಸಾಕ್ಬೇಡ ಮತ್ತೆ. ತಿನ್ನೋ ಪದಾರ್ಥ."

ಅವಳು ಎದ್ದು ಕಡ್ಡಿ ತೆಗೆದಳು. ನಲ್ಲಿಯ ಕೆಳಗೆ ಗೆಡ್ಡೆಯನ್ನು ತೊಳೆದು, ಕಡ್ಡಿಯ ದಾರಿಯ ಜೊತೆಗೇ ಉದ್ದಕ್ಕೆ ಕೊಯ್ದಳು. ಎರಡು ಹೋಳು ಬಿಚ್ಚಿಕೊಂಡವು. ಉಗುರಿನ ಗುರುತು ಒಂದರಲ್ಲಿ ಮಾತ್ರ ಇತ್ತು. ಎರಡನ್ನೂ ಪಾತ್ರೆಗೆ ಹಾಕಿ, ಒಲೆ ಜೋರು ಮಾಡಿ, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಬಂದು ಅತ್ತೆಯ ಪಕ್ಕ ಕೂತಳು. ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಅತ್ತೆಯ ಕೈ ಕುರ್ಚಿಯ ಹಿಡಿಯಿಂದ ಇಳಿದು ಬಂದಾಗ ಅವಳು ಅದನ್ನು ಈಗಲೇ ಹಿಡಿದುಕೊಂಡಳು.